ಕುದುರೆಗಾಡಿ ಮೊದಲು, ಹುಟ್ಟು ಆಮೇಲೆ

ನಗರ ದಾಖಲೆ ಕಚೇರಿಯಲ್ಲಿ ಒಟ್ಟು ಆರು ವಿಭಾಗಗಳಿವೆ. ಅವುಗಳಲ್ಲಿ ಕುದುರೆಗಾಡಿ ಪರವಾನಗಿ ವಿಭಾಗ ಎಲ್ಲಕ್ಕಿಂತ ಹಿರಿಯದು, ಜನನ ನೋಂದಣಿ ವಿಭಾಗ ಎಲ್ಲಕ್ಕಿಂತ ಕಿರಿಯದು. ಈ ನಗರದಲ್ಲಿ ಜನರು ಹುಟ್ಟಲು ಶುರುಮಾಡುವುದಕ್ಕೆ ಮೊದಲೇ ಕುದುರೆಗಾಡಿಗಳು ಓಡಾಡುತ್ತಿದ್ದವು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಡುವೆ ಸೈಕಲ್ಲು, ನಾಯಿ, ಅಂಗಡಿ ಬೋರ್ಡು ಮತ್ತು ಇತರೆ ಎಂಬ ನಾಲ್ಕು ವಿಭಾಗಗಳು ಕಾರಿಡಾರಿನ ಉದ್ದಕ್ಕೂ ಹಿರಿತನದ ಪ್ರಕಾರ ಕೂತಿವೆ. ಇತರೆ ವಿಭಾಗದಲ್ಲಿ ಏನು ಕೆಲಸ ನಡೆಯುತ್ತದೆ ಎಂದು ಅಲ್ಲಿ ಕೂತವರು ಇನ್ನೂ ವಿಚಾರಿಸಿಲ್ಲ.

ಈ ಕಚೇರಿಗೆ ಆರು ತಿಂಗಳ ಗುತ್ತಿಗೆಯ ಮೇಲೆ ಬಂದವಳನ್ನು ಎಲ್ಲರೂ ಕಂಪ್ಯೂಟರಮ್ಮ ಎಂದು ಕರೆಯುತ್ತಿದ್ದರು. ಅವಳಿಗೆ ಬೇರೆ ಹೆಸರಿತ್ತು, ಆದರೆ ಅದನ್ನು ಹಾಜರಿ ಪುಸ್ತಕದಲ್ಲಿ ಬರೆಯಲು ಅನುಮೋದನೆ ಬಂದಿರಲಿಲ್ಲ. ಅವಳಿಗೆ ಒಪ್ಪಿಸಿದ ಕೆಲಸ ಇಷ್ಟೇ. ಕಚೇರಿಯ ವೆಬ್‌ಸೈಟ್ ತೆರೆದುಕೊಳ್ಳಲು ಮೂರು ನಿಮಿಷ ಹಿಡಿಯುತ್ತಿತ್ತು. ಅದನ್ನು ಮೂರು ಸೆಕೆಂಡಿಗೆ ಇಳಿಸಬೇಕು.

ಇದರಲ್ಲಿ ಅವಳ ಸ್ವಂತದ ಅವಸರವೂ ಒಂದಿತ್ತು. ಮಗಳಿಗೆ ನಾಲ್ಕು ವರ್ಷ ತುಂಬಿತ್ತು. ಬೀದಿಯ ಕೊನೆಯ ಶಾಲೆಗೆ ಸೇರಿಸಲು ತಿಂಗಳ ಮೂವತ್ತನೇ ತಾರೀಕು ಕೊನೆಯ ದಿನ. ಅಷ್ಟರೊಳಗೆ ಜನನ ಪತ್ರ ತೋರಿಸದಿದ್ದರೆ ಮಗು ಇನ್ನೊಂದು ವರ್ಷ ಮನೆಯಲ್ಲಿ. ಹುಟ್ಟಿದ ಹೊಸತರಲ್ಲೇ ಪತ್ರ ಮಾಡಿಸೋಣವೆಂದು ಹೋದಾಗ ಜನನ ಕಿಟಕಿಯವರು ರಜೆಯ ಮೇಲಿದ್ದರು. ಅವರು ರಜೆ ಮುಗಿಸಿ ಬಂದಾಗ ಇವಳಿಗೆ ರಜೆ ಸಿಗಲಿಲ್ಲ. ಹೀಗೆ ಇಬ್ಬರ ರಜೆಗಳೂ ಕಣ್ಣಾಮುಚ್ಚಾಲೆ ಆಡುತ್ತಾ ನಾಲ್ಕು ವರ್ಷ ಕಳೆದವು. ಈಗ ಆ ಕಿಟಕಿಯನ್ನೇ ಮುಚ್ಚಿ, ಎಲ್ಲ ಅರ್ಜಿಗಳೂ ವೆಬ್‌ಸೈಟಿನ ಮೂಲಕ ಮಾತ್ರ ಎಂದು ಬೋರ್ಡು ತಗುಲಿಸಿದ್ದರು. ವೆಬ್‌ಸೈಟು ತನ್ನ ಕೈಯಲ್ಲೇ ಇರುವಾಗ ಮಗಳು ಹುಟ್ಟಿದ್ದಾಳೆಂದು ಸಾಬೀತು ಮಾಡುವುದು ಹತ್ತು ದಿನದ ಮಾತು ಎಂದು ಅವಳು ಅತ್ತೆಗೆ ಹೇಳಿಬಿಟ್ಟಳು.

"ಹೆರೋದಕ್ಕೆ ಒಂಬತ್ತು ತಿಂಗಳು ಸಾಕಾಯ್ತು. ಹೆತ್ತಿದ್ದೀವಿ ಅನ್ನೋದಕ್ಕೆ ನಾಲ್ಕು ವರ್ಷ," ಎಂದರು ಅತ್ತೆ. ಗಂಡ ಹಡಗಿನಲ್ಲಿ ಅಡುಗೆ ಮಾಡುವವನು. ಅವನ ಅಭಿಪ್ರಾಯ ಎರಡು ತಿಂಗಳಿಗೊಮ್ಮೆ ಬರುತ್ತಿತ್ತು.

ಮುಖ್ಯಾಧಿಕಾರಿಗಳು ಅವಳನ್ನು ಕರೆಸಿ ಕೂರಿಸಿದರು.

"ಬಿಲ್ಡ್ ಟೂಲ್ ಹಾಕ್ತೀನಿ ಅಂತ ಬರೆದಿದ್ದೀಯಲ್ಲಮ್ಮ, ಹಾಗಂದ್ರೇನು?"

"ನಮ್ಮ ವೆಬ್‌ಸೈಟಿನಲ್ಲಿ ಸಾವಿರಾರು ಸಣ್ಣಸಣ್ಣ ಫೈಲುಗಳಿವೆ ಸಾರ್. ಜನರ ಫೋನಿಗೆ ಒಂದೊಂದಾಗಿ ಕಳಿಸ್ತಾ ಕೂತ್ರೆ ಹೊತ್ತಾಗುತ್ತೆ. ಈ ಟೂಲು ಎಲ್ಲ ಸೇರಿಸಿ ಒಂದು ಗಂಟು ಕಟ್ಟುತ್ತೆ. ಏನು ಹಾಕಬೇಕು, ಯಾವುದು ಮೊದಲು, ಏನು ಬಿಡಬೇಕು ಅಂತ ನಾವು ಒಂದು ಫೈಲಿನಲ್ಲಿ ಬರೆದುಕೊಡಬೇಕು. ಅದಕ್ಕೆ ಕಾನ್ಫಿಗ್ ಅಂತಾರೆ."

"ಗಂಟು ಕಟ್ಟೋದಕ್ಕೆ ಅಷ್ಟೊಂದು ಬರೆಯೋದೇನಿರುತ್ತೆ?"

"ಎರಡು ದಿನಕ್ಕೆ ಊರಿಗೆ ಹೊರಟವರು ಇಡೀ ಬೀರು ಹೊತ್ಕೊಂಡು ಹೋಗಲ್ಲವಲ್ಲ ಸಾರ್. ಯಾರೂ ಬಳಸದೇ ಇರೋದನ್ನ ಈ ಟೂಲೇ ಹುಡುಕಿ ಪಕ್ಕಕ್ಕಿಡುತ್ತೆ."

"ನಮ್ಮನೇಲಿ ಬೀರೂ ಹೊತ್ಕೊಂಡೇ ಹೋಗೋದು."

"ಹಾಗಾದ್ರೆ ನಿಮ್ಮನೆಗೂ ಒಂದು ಕಾನ್ಫಿಗ್ ಬರೆದುಕೊಡ್ತೀನಿ ಸಾರ್."

ಮುಖ್ಯಾಧಿಕಾರಿಗಳು ಬಹಳ ಹೊತ್ತು ನಕ್ಕು, ಆಮೇಲೆ ಹಾಗೆ ನಕ್ಕದ್ದು ಸರಿಯೇ ಎಂದು ಬಾಗಿಲ ಕಡೆ ನೋಡಿ, ಕೆಲಸ ಶುರುಮಾಡಲು ಅನುಮತಿ ಕೊಟ್ಟರು.

ಅವಳು ಐದು ದಿನ ಕೂತು ನಲವತ್ತು ಸಾಲಿನ ಕಾನ್ಫಿಗ್ ಬರೆದಳು. ಗಂಟು ಕಟ್ಟಿಸಿ ನೋಡಿದರೆ ವೆಬ್‌ಸೈಟು ಎರಡೇ ಸೆಕೆಂಡಿಗೆ ತೆರೆದುಕೊಂಡಿತು. ಏಳು ಜನರ ಫೋನಿನಲ್ಲಿ ತೆರೆದು ನೋಡಿದಳು. ಕಾವಲುಗಾರರ ಒಡೆದ ಫೋನಿನಲ್ಲೂ ತೆರೆಯಿತು. ಸೋಮವಾರ ಮುಖ್ಯಾಧಿಕಾರಿ ಸಾಹೇಬರ ಸಹಿಯಾದರೆ ಮಂಗಳವಾರ ಮಗಳ ಅರ್ಜಿ.

ಆದರೆ ಯಂತ್ರ ಏನೇ ಹೇಳಿದರೂ ಅದನ್ನು ಕಾಗದದ ಮೇಲೆ ಇಳಿಸಿ ಎಲ್ಲ ವಿಭಾಗಗಳಿಗೂ ಸುತ್ತಿಸಬೇಕೆಂಬುದು ಕಚೇರಿಯ ಪದ್ಧತಿ. ಟೂಲು ಗಂಟು ಕಟ್ಟಿದ ಮೇಲೆ ಒಂದು ವರದಿ ಕೊಡುತ್ತದೆ. ಅವಳು ಅದನ್ನು ಕಚೇರಿಯ ಭಾಷೆಯಲ್ಲಿ ಚೆನ್ನಾಗಿ ಬರೆದು ಸುತ್ತಿಸಿದಳು. ಅದರ ಕೊನೆಯ ಸಾಲು ಹೀಗಿತ್ತು: ಯಾರೂ ಬಳಸದ ಭಾಗಗಳು, ಇನ್ನೂರ ಹದಿನಾಲ್ಕು. ಕೈಬಿಡಲಾಗಿದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಕಚೇರಿಯಲ್ಲಿ ಯಾರಿಗೂ ಹಸಿವಿರಲಿಲ್ಲ.

ಆ ಇನ್ನೂರ ಹದಿನಾಲ್ಕರಲ್ಲಿ ನೂರ ಎಪ್ಪತ್ತೊಂದು ಕುದುರೆಗಾಡಿ ವಿಭಾಗದವು. ಆ ವಿಭಾಗದ ಮುಖ್ಯಸ್ಥರನ್ನು ಗಾಡಿ ಸಾಹೇಬರು ಎನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷವಿತ್ತು. ಹದಿನಾರು ವರ್ಷಗಳಿಂದ ಅವರ ಮುಂದೆ ಒಬ್ಬ ಅರ್ಜಿದಾರನೂ ನಿಂತಿರಲಿಲ್ಲ. ಆದರೂ ಪ್ರತಿದಿನ ಹತ್ತಕ್ಕೆ ಹತ್ತು ನಿಮಿಷ ಮೊದಲೇ ಬಂದು, ಮೊಹರು ಒರೆಸಿ, ಶಾಯಿಯ ದಿಂಬಿಗೆ ನಾಲ್ಕು ಹನಿ ಶಾಯಿ ಹಾಕಿ, ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದರು. ಅವರು ಕಂಪ್ಯೂಟರಮ್ಮನ ಮೇಜಿನ ಹತ್ತಿರ ಬಂದು ನಿಂತರು.

"ನಿಮ್ಮ ಯಂತ್ರ ನನ್ನ ವಿಭಾಗದ ಬಗ್ಗೆ ಏನೋ ಹೇಳಿದೆಯಂತೆ."

"ಯಾರೂ ಬಳಸ್ತಿಲ್ಲ ಅಂದಿದೆ ಸಾರ್. ಅಷ್ಟೇ, ಬೈದಿಲ್ಲ."

"ಹದಿನಾರು ವರ್ಷದಿಂದ ಯಾರೂ ಬಂದಿಲ್ಲ ಅನ್ನೋದು ನಿಜ. ಬಾರದೇ ಇದ್ದದ್ದು ಅವರ ತಪ್ಪು. ನಾನು ಒಂದು ದಿನವೂ ತಪ್ಪಿಸಿಲ್ಲ."

ಅವಳು ಎದ್ದು ತನ್ನ ಕುರ್ಚಿಯನ್ನು ಅವರ ಕಡೆಗೆ ಸರಿಸಿದಳು.

ಮರುದಿನ ಸಭೆ ಸೇರಿತು. ನಿಯಮಗಳ ಪುಸ್ತಕವನ್ನು ಬಾಯಿಪಾಠ ಮಾಡಿದ್ದ ಹೆಡ್ ಗುಮಾಸ್ತರು ಎದ್ದು ನಿಂತು ಹೇಳಿದರು: "ಕಚೇರಿಯ ಯಾವುದೇ ಭಾಗವನ್ನು ಕೈಬಿಡುವ ಮುನ್ನ, ಸದರಿ ಭಾಗಕ್ಕೆ ಕಾರಣ ಕೇಳಿ ನೋಟೀಸು ಕೊಡತಕ್ಕದ್ದು. ಉತ್ತರಕ್ಕೆ ಮೂರು ದಿನ ಅವಕಾಶ ಕೊಡತಕ್ಕದ್ದು. ನಂತರ ವಿಚಾರಣೆ ನಡೆಸತಕ್ಕದ್ದು."

"ಅದು ಕೋಡ್ ಸಾರ್. ಅದಕ್ಕೆ ನೋಟೀಸು ಓದೋಕೆ ಬರಲ್ಲ," ಎಂದಳು ಕಂಪ್ಯೂಟರಮ್ಮ.

"ಓದಲು ಬಾರದವರಿಗೆ ಓದಿ ಹೇಳತಕ್ಕದ್ದು ಎಂದೂ ಇದೆ."

ಇನ್ನೂರ ಹದಿನಾಲ್ಕು ನೋಟೀಸುಗಳು ತಯಾರಾದವು. ನೋಟೀಸನ್ನು ಖುದ್ದಾಗಿ ತಲುಪಿಸಬೇಕಾದ್ದರಿಂದ ಜವಾನರು ಸರ್ವರ್ ಇಟ್ಟಿದ್ದ ಕೋಣೆಗೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಪೆಟ್ಟಿಗೆಯ ಎದುರು ನಿಂತು ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಪೆಟ್ಟಿಗೆ ಗುಂಯ್ ಎಂದಿತು. ಸ್ವೀಕರಿಸಿದೆ ಎಂದು ಬರೆದುಕೊಂಡರು. ಮೂರು ದಿನವಾದರೂ ಯಾವ ಭಾಗವೂ ಉತ್ತರ ಕೊಡಲಿಲ್ಲ. ವಿಚಾರಣೆಯ ದಿನ ಗಾಡಿ ಸಾಹೇಬರು ತಮ್ಮ ನೂರ ಎಪ್ಪತ್ತೊಂದು ಭಾಗಗಳ ಪರವಾಗಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು ಒಂದೇ ವಾಕ್ಯ ಹೇಳಿದರು: ಇವು ಕಚೇರಿಗೆ ಯಾವ ತೊಂದರೆಯನ್ನೂ ಕೊಟ್ಟಿಲ್ಲ. ಇಷ್ಟು ಪ್ರಬಲವಾದ ವಾದವನ್ನು ಯಾರೂ ನಿರೀಕ್ಷಿಸಿರಲಿಲ್ಲ. ಇನ್ನೂರ ಹದಿನಾಲ್ಕೂ ಗೌರವದಿಂದ ಖುಲಾಸೆಯಾದವು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಕಾನ್ಫಿಗ್ ಎಂಬುದೊಂದಿದೆ, ಅದರಲ್ಲಿ ಯಾವುದು ಮೊದಲು ಎಂದು ಬರೆಯುತ್ತಾರೆ ಎಂಬ ಸಂಗತಿ ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಅವಳು ಜನನ ವಿಭಾಗವನ್ನು ಮೊದಲು ಬರೆದಿದ್ದಳು.

"ಯಾಕಮ್ಮ ಹೀಗೆ?" ಎಂದು ಮುಖ್ಯಾಧಿಕಾರಿ ಸಾಹೇಬರು ಕೇಳಿದರು.

"ಜನ ಜಾಸ್ತಿ ಕೇಳೋದು ಅದನ್ನೇ ಸಾರ್."

"ಜನ ಏನು ಬೇಕಾದ್ರೂ ಕೇಳ್ತಾರೆ. ಹಿರಿತನ ಅಂತ ಒಂದಿದೆಯಲ್ಲ."

ಇನ್ನೊಂದು ಆಕ್ಷೇಪ ಸ್ವತಃ ಸಾಹೇಬರದ್ದೇ. ಟೂಲು ಜಾಗ ಉಳಿಸಲು ಕೋಡಿನೊಳಗಿನ ಉದ್ದನೆಯ ಹೆಸರುಗಳನ್ನು ಮೊಟಕು ಮಾಡುತ್ತದೆ. 'ಮಾನ್ಯ ಮುಖ್ಯ ದಾಖಲಾಧಿಕಾರಿಯವರ ಅನುಮೋದನೆ' ಎಂಬ ಹೆಸರು ಒಂದೇ ಅಕ್ಷರಕ್ಕೆ ಇಳಿದಿತ್ತು. ಹೆಡ್ ಗುಮಾಸ್ತರದ್ದು ಎರಡಕ್ಷರ ಇತ್ತು. ಈ ವ್ಯತ್ಯಾಸಕ್ಕೆ ಅವಳ ಬಳಿ ಸಮಾಧಾನಕರ ವಿವರಣೆ ಇರಲಿಲ್ಲ.

ಎಲ್ಲವನ್ನೂ ಸಭೆ ಹೇಳಿದಂತೆ ತಿದ್ದಿ ಗಂಟು ಕಟ್ಟಿಸಿದಾಗ ಟೂಲು ಹಳದಿ ಅಕ್ಷರದಲ್ಲಿ, ಗಂಟು ಮಿತಿ ಮೀರಿ ಭಾರವಾಗಿದೆ, ಎಚ್ಚರಿಕೆ, ಎಂದು ಬರೆಯಿತು.

"ಇದು ಯಾರಿಗೆ ಎಚ್ಚರಿಕೆ ಕೊಡ್ತಿದೆ?" ಎಂದು ಸಾಹೇಬರು ಕನ್ನಡಕ ತೆಗೆದರು.

"ನಮಗೇ ಸಾರ್."

"ಇದರ ದರ್ಜೆ ಏನು?"

"ದರ್ಜೆ ಇಲ್ಲ ಸಾರ್. ಅದೊಂದು ಟೂಲು."

"ದರ್ಜೆ ಇಲ್ಲದ್ದು ನನಗೆ ಎಚ್ಚರಿಕೆ ಕೊಡೋದು ಯಾವ ಪದ್ಧತಿ? ಬಾಯಿ ಮುಚ್ಚಿಸೋ ದಾರಿ ಇದೆಯಾ?"

ಇತ್ತು. ಮಿತಿ ಎಷ್ಟು ಎಂಬುದನ್ನೂ ಕಾನ್ಫಿಗಿನಲ್ಲೇ ಬರೆಯುತ್ತಾರೆ. ಅವಳು ಅಲ್ಲಿದ್ದ ಸಂಖ್ಯೆಯ ಮುಂದೆ ಸೊನ್ನೆಗಳನ್ನು ಸೇರಿಸುತ್ತಾ ಹೋದಳು. ನಾಲ್ಕನೆಯ ಸೊನ್ನೆಗೆ ಟೂಲು ಸುಮ್ಮನಾಯಿತು. ದೋಷವಿಲ್ಲ ಎಂದು ದಾಖಲೆಯಾಯಿತು. ಇಪ್ಪತ್ತಾರನೇ ತಾರೀಕು ಈ ಕೆಳಗಿನ ಪ್ರಕಟಣೆ ಹೊರಬಿತ್ತು.

"ಸಾರ್ವಜನಿಕರ ಗಮನಕ್ಕೆ. ಕಚೇರಿಯ ವೆಬ್‌ಸೈಟನ್ನು ಆಧುನಿಕ ಬಿಲ್ಡ್ ಟೂಲಿನ ಮೂಲಕ ಪುನರ್‌ರಚಿಸಲಾಗಿದ್ದು, ಇನ್ನು ಮುಂದೆ ವಿಭಾಗಗಳು ಹಿರಿತನದ ಪ್ರಕಾರ ಒಂದಾದ ಮೇಲೊಂದು ತೆರೆದುಕೊಳ್ಳತಕ್ಕದ್ದು. ಹುಟ್ಟಿದವರು ತಮ್ಮ ಸರದಿ ಬರುವವರೆಗೆ ಫೋನನ್ನು ಅಲುಗಾಡಿಸದೆ ಹಿಡಿದಿರತಕ್ಕದ್ದು. ಅವಸರಪಡುವವರು ಮತ್ತೆ ಮೊದಲಿನಿಂದ ಪ್ರಾರಂಭಿಸತಕ್ಕದ್ದು."

ಉದ್ಘಾಟನೆಯ ದಿನ ಸಾಹೇಬರು ಗುಂಡಿ ಒತ್ತಿದರು. ಹತ್ತೇ ಸೆಕೆಂಡಿಗೆ ಕುದುರೆಗಾಡಿ ವಿಭಾಗ ಝಗ್ ಎಂದು ತೆರೆದುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿ ಚಹಾಕ್ಕೆ ಹೋದರು. ಉಳಿದ ಐದು ವಿಭಾಗಗಳು ಖಾಲಿ ಕೋಣೆಯಲ್ಲಿ ತಮ್ಮಷ್ಟಕ್ಕೆ ತೆರೆದುಕೊಳ್ಳುತ್ತಾ ಹೋದವು. ಜನನ ವಿಭಾಗ ಬಂದಾಗ ಹನ್ನೊಂದು ನಿಮಿಷವಾಗಿತ್ತು. ಅದು ಕಚೇರಿಯ ದೊಡ್ಡ ಕಂಪ್ಯೂಟರಿನ ಮಾತು. ಸಾಮಾನ್ಯ ಫೋನುಗಳು ಒಂಬತ್ತನೇ ನಿಮಿಷಕ್ಕೆ ಬಿಸಿಯೇರಿ ಕಣ್ಣು ಮುಚ್ಚುತ್ತಿದ್ದವು. ಆ ದೊಡ್ಡ ಕಂಪ್ಯೂಟರನ್ನು ಉದ್ಘಾಟನೆಯ ನಂತರ ಬಟ್ಟೆ ಹೊದಿಸಿ ಮುಂದಿನ ಉದ್ಘಾಟನೆಗೆಂದು ಎತ್ತಿಟ್ಟರು.

ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಮೂರು ದಿನವೂ ಕಂಪ್ಯೂಟರಮ್ಮ ತನ್ನ ಫೋನು, ಅತ್ತೆಯ ಫೋನು, ಪಕ್ಕದ ಮನೆಯವರ ಫೋನು ಎಲ್ಲದರಲ್ಲೂ ನೋಡಿದಳು. ನಾಯಿ ವಿಭಾಗದವರೆಗೆ ಬಂದು ನಿಲ್ಲುತ್ತಿತ್ತು. ಒಮ್ಮೆ ಬೋರ್ಡಿನವರೆಗೂ ಬಂತು. ಆಗ ಮಗಳು ಅಜ್ಜಿಯ ಕೈಯಲ್ಲಿದ್ದ ಫೋನಿಗೆ ಮುತ್ತಿಟ್ಟಳು, ಫೋನು ಅಲುಗಿ ಎಲ್ಲ ಮತ್ತೆ ಮೊದಲಿನಿಂದ ಶುರುವಾಯಿತು.

ಕೊನೆಗೆ ಸಾಹೇಬರ ಬಳಿ ಹೋದಳು. "ಸಾರ್, ಮೊದಲು ಕಟ್ಟಿದ ಎರಡು ಸೆಕೆಂಡಿನ ಗಂಟು ನನ್ನ ಹತ್ರ ಹಾಗೇ ಇದೆ. ಅದರಲ್ಲಿ ಒಂದೇ ಒಂದು ಅರ್ಜಿ ಹಾಕ್ಕೊಳ್ಳಲಾ? ನಾಳೆ ಬಿಟ್ರೆ ಮಗುಗೆ ಒಂದು ವರ್ಷ ಹೋಗುತ್ತೆ."

ಸಾಹೇಬರಿಗೆ ನಿಜವಾಗಿಯೂ ಬೇಸರವಾಯಿತು. "ಹಾಕ್ಕೋ ಅಂದುಬಿಡಬಹುದಮ್ಮ. ಆದ್ರೆ ಅನುಮೋದನೆ ಇಲ್ಲದ ಗಂಟಿನಲ್ಲಿ ಬಂದ ಮಗು, ಕಾನೂನು ಪ್ರಕಾರ ಹುಟ್ಟಿದ ಹಾಗೆ ಆಗಲ್ಲ. ನಾಳೆ ಅವಳ ಮದುವೆ ಹೊತ್ತಿಗೆ ತೊಂದರೆ."

ಮೂವತ್ತನೇ ತಾರೀಕು ಬೆಳಿಗ್ಗೆ ಅತ್ತೆ ಅಡುಗೆಮನೆಯಲ್ಲಿ ಕೂತು ಫೋನು ನೋಡುತ್ತಿದ್ದರು. ಪರದೆಯ ಮೇಲೆ ಕುದುರೆಗಾಡಿ ವಿಭಾಗ ತೆರೆದುಕೊಂಡು ನಗುತ್ತಿತ್ತು.

"ಇದರಲ್ಲಿ ಏನೇನು ಕೇಳ್ತಾರೆ?" ಎಂದರು ಅತ್ತೆ.

"ಅದು ಕುದುರೆಗಾಡಿ ಅರ್ಜಿ ಅತ್ತೆ."

"ನನಗೂ ಕಣ್ಣಿದೆ. ಏನು ಕೇಳ್ತಾರೆ ಅಂದೆ."

"ಮಾಲೀಕರ ಹೆಸರು. ಹುಟ್ಟಿದ ದಿನ. ತಂದೆ ಹೆಸರು, ತಾಯಿ ಹೆಸರು, ವಿಳಾಸ."

"ಕೆಳಗೆ ಮೊಹರು ಹಾಕ್ತಾರಾ?"

"ಹಾಕ್ತಾರೆ. ಎಲ್ಲಾ ವಿಭಾಗಕ್ಕೂ ಒಂದೇ ಮೊಹರು."

"ಶಾಲೆಯವರಿಗೆ ಇನ್ನೇನಮ್ಮ ಬೇಕು? ತೆರೀದೇ ಇರೋ ಬಾಗಿಲಿಗೆ ಮೂರು ದಿನದಿಂದ ಹಣೆ ಚಚ್ಚಿಕೊಳ್ತಿದ್ದೀಯ. ತೆರೆದಿರೋದರಲ್ಲಿ ನುಗ್ಗು."

ಸೊಸೆ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಇಷ್ಟು ವರ್ಷ ಅವರ ಮಾತಿಗೆ ಎದುರುತ್ತರ ಕೊಡುವುದರಲ್ಲಿ ಹಾಳುಮಾಡಿದ ಸಮಯದ ಬಗ್ಗೆ ಅವಳಿಗೆ ಸ್ವಲ್ಪ ಪಶ್ಚಾತ್ತಾಪವಾಯಿತು. ಅರ್ಜಿ ತುಂಬಲು ಶುರುಮಾಡಿದಳು. ಮಾಲೀಕರ ವಯಸ್ಸಿಗೆ ಕೆಳಮಿತಿ ಇರಲಿಲ್ಲ, ಯಾರೂ ಹಾಕಬೇಕೆಂದು ಯೋಚಿಸಿರಲಿಲ್ಲ.

"ಚಕ್ರಗಳ ಸಂಖ್ಯೆ ಕೇಳ್ತಿದೆ."

"ಮೂರು," ಎಂದರು ಅತ್ತೆ. "ಅವಳ ಸೈಕಲ್ಲಿಗೆ ಮೂರಿದೆಯಲ್ಲ. ಸುಳ್ಳು ಯಾಕೆ ಬರೀಬೇಕು?"

"ಕುದುರೆಯ ಬಣ್ಣ?"

"ನೇರಳೆ," ಎಂದಳು ಮಗಳು. ಬೇರೆ ಬಣ್ಣ ಹೇಳಿಸಲು ಇಬ್ಬರೂ ಬಹಳ ಪ್ರಯತ್ನಪಟ್ಟರು. ಸರ್ಕಾರಿ ಅರ್ಜಿಯಲ್ಲಿ ತನ್ನ ಕುದುರೆಯ ಬಣ್ಣದ ಬಗ್ಗೆ ಸುಳ್ಳು ಹೇಳಲು ಮಗು ಒಪ್ಪಲಿಲ್ಲ.

ಹನ್ನೊಂದು ಗಂಟೆಗೆ ಗಾಡಿ ಸಾಹೇಬರು ಕಂಪ್ಯೂಟರಮ್ಮನ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ದಪ್ಪ ಕಾಗದದ ಪರವಾನಗಿ. ಮೊಹರು ಇನ್ನೂ ಒದ್ದೆಯಾಗಿತ್ತು.

"ಅರ್ಜಿದಾರರು ನಿಮ್ಮ ಮಗಳಂತೆ."

"ಹೌದು ಸಾರ್."

"ಕುದುರೆ ನೇರಳೆ ಬಣ್ಣದ್ದು ಅಂತಿದೆ."

"ಹೌದು ಸಾರ್."

"ನೇರಳೆಗೆ ನಿಯಮದಲ್ಲಿ ಅಡ್ಡಿಯಿಲ್ಲ. ಎರಡು ಸಲ ಹುಡುಕಿ ನೋಡಿದೆ." ಅವರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಸಂಜೆ ಆರರ ಮೇಲೆ ದೀಪ ಹಚ್ಚಿಕೊಂಡೇ ಓಡಿಸಬೇಕು ಅಂತ ಅವರಿಗೆ ತಿಳಿಸಿ."

"ತಿಳಿಸ್ತೀನಿ ಸಾರ್."

ಗಾಡಿ ಸಾಹೇಬರು ಹೊರಟವರು ತಿರುಗಿ ನಿಂತರು. "ಮೊಹರು ಸ್ವಲ್ಪ ಓರೆಯಾಗಿದೆ. ಅಭ್ಯಾಸ ತಪ್ಪಿಹೋಗಿತ್ತು."

ಕಂಪ್ಯೂಟರಮ್ಮ ಅರ್ಧ ದಿನ ರಜೆ ಬರೆದು ಓಡಿದಳು. ಅತ್ತೆ ಮಗುವಿಗೆ ತಲೆ ಬಾಚಿ ಶಾಲೆಯ ಬಾಗಿಲಲ್ಲೇ ಕಾಯುತ್ತಿದ್ದರು. ಶಾಲೆಯ ಗುಮಾಸ್ತೆ ಪರವಾನಗಿಯನ್ನು ಮೇಲಿನಿಂದ ಕೆಳಗೆ, ಆಮೇಲೆ ಕೆಳಗಿನಿಂದ ಮೇಲೆ ಓದಿದರು.

"ಇದು ಜನನ ಪತ್ರವಾ?"

"ನಗರ ದಾಖಲೆ ಕಚೇರಿಯ ಪತ್ರ," ಎಂದರು ಅತ್ತೆ. "ಹುಟ್ಟಿದ ದಿನ ಇದೆ, ಮೊಹರಿದೆ. ಹುಟ್ಟದೇ ಇರೋರಿಗೆ ಗಾಡಿ ಓಡಿಸೋದಕ್ಕೆ ಅನುಮತಿ ಕೊಡ್ತಾರೇನಮ್ಮ?"

ಗುಮಾಸ್ತೆ ಯೋಚಿಸಿದರು. ಕೊಡುವುದಿಲ್ಲ ಎಂದೇ ಅವರಿಗೂ ಅನ್ನಿಸಿತು. ದಾಖಲಾತಿ ಪುಸ್ತಕ ತೆಗೆದು ಹೆಸರು, ಹುಟ್ಟಿದ ದಿನ, ತಂದೆತಾಯಿ ಎಲ್ಲ ಬರೆದುಕೊಂಡರು. ಪತ್ರದಲ್ಲಿರುವ ಯಾವ ವಿವರವೂ ಬಿಟ್ಟುಹೋಗಬಾರದೆಂದು ಸ್ಕೇಲು ಇಟ್ಟು ಎರಡು ಹೊಸ ಗೆರೆ ಎಳೆದು, ಚಕ್ರ ಮೂರು, ಕುದುರೆ ನೇರಳೆ ಎಂದೂ ಸೇರಿಸಿದರು. ಮಗು ಶಾಲೆಗೆ ಸೇರಿತು. ತಾಯಿ ಹೊರಗೆ ಬಂದು ಗೋಡೆಗೆ ಒರಗಿ ಒಂದು ನಿಮಿಷ ನಿಂತಳು. ಅತ್ತೆ ಅವಳ ಕೈಗೆ ನೀರಿನ ಬಾಟಲಿ ಕೊಟ್ಟರು.

ಶಾಲೆಯ ಬಾಗಿಲಲ್ಲಿ ಕಾಯುತ್ತಿದ್ದ ಉಳಿದ ತಾಯಂದಿರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಮಕ್ಕಳೂ ಹುಟ್ಟಿಯೇ ಇದ್ದರು, ಅವರ ಫೋನುಗಳೂ ನಾಯಿ ವಿಭಾಗದಲ್ಲೇ ನಿಂತಿದ್ದವು. ಶಾಲೆ ಕೊನೆಯ ದಿನವನ್ನು ಒಂದು ತಿಂಗಳು ಮುಂದೂಡಬೇಕಾಯಿತು. ಆ ಒಂದು ತಿಂಗಳಲ್ಲಿ ಕುದುರೆಗಾಡಿ ವಿಭಾಗ ಮುನ್ನೂರ ನಲವತ್ತು ಪರವಾನಗಿಗಳನ್ನು ಕೊಟ್ಟಿತು. ಗಾಡಿ ಸಾಹೇಬರಿಗೆ ಇಬ್ಬರು ಸಹಾಯಕರು ಬಂದರು, ಮೊಹರು ನೇರವಾಗಿ ಬೀಳತೊಡಗಿತು. ನಗರದಲ್ಲಿ ಕುದುರೆಗಾಡಿಗಳ ಬಳಕೆ ಮತ್ತೆ ಹೆಚ್ಚುತ್ತಿದ್ದು, ಮಾಲೀಕರ ಸರಾಸರಿ ವಯಸ್ಸು ನಾಲ್ಕೂವರೆ ಎಂದು ಕಚೇರಿಯ ವರದಿ ಹೇಳಿತು. ಯುವಜನರು ಈ ಉದ್ಯಮಕ್ಕೆ ಬರುತ್ತಿರುವುದು ಸಂತೋಷದ ವಿಷಯ ಎಂದು ಸಾಹೇಬರು ಭಾಷಣ ಮಾಡಿದರು. ಕುದುರೆಗಳಿಗೆ ನೀರಿನ ತೊಟ್ಟಿ ಕಟ್ಟಿಸಲು ನಾಲ್ಕು ಬೀದಿಗಳಲ್ಲಿ ಜಾಗ ಗುರುತಿಸಿದರು.

ಆ ತಿಂಗಳು ಮುಗಿಯಲು ಇನ್ನೂ ಒಂದು ವಾರವಿರುವಾಗ ಕಂಪ್ಯೂಟರಮ್ಮ ಮತ್ತೆ ಗಂಟು ಕಟ್ಟಿಸಿದಳು. ಈ ಸಲ ಯಾರು ಯಾವ ವಿಭಾಗವನ್ನು ಎಷ್ಟು ಬಳಸಿದರು ಎಂಬ ಲೆಕ್ಕವನ್ನೂ ಟೂಲಿಗೆ ಕೊಡಬೇಕೆಂದು ಸಭೆ ತೀರ್ಮಾನಿಸಿತ್ತು. ಟೂಲು ನಿಷ್ಪಕ್ಷಪಾತವಾಗಿ ಹೇಳಿತು: ಜನನ ವಿಭಾಗ, ಯಾರೂ ಬಳಸಿಲ್ಲ. ಹೆಡ್ ಗುಮಾಸ್ತರು ನೋಟೀಸು ತಯಾರಿಸಿದರು, ಜವಾನರು ಓದಿದರು, ಪೆಟ್ಟಿಗೆ ಗುಂಯ್ ಎಂದಿತು. ವಿಚಾರಣೆಯ ದಿನ ಜನನ ವಿಭಾಗದವರು ರಜೆಯ ಮೇಲಿದ್ದರು. ವಿಭಾಗವನ್ನು ನಿಯಮಬದ್ಧವಾಗಿ ಕೈಬಿಡಲಾಯಿತು.

"ನೋಡಮ್ಮ, ಟೂಲು ಒಳ್ಳೇದೇ," ಎಂದರು ಸಾಹೇಬರು, ಅವಳ ಗುತ್ತಿಗೆಯನ್ನು ಎರಡು ವರ್ಷ ಮುಂದುವರಿಸುವ ಕಾಗದಕ್ಕೆ ಸಹಿ ಹಾಕುತ್ತಾ. "ನಮ್ಮ ಪದ್ಧತಿಗೆ ಒಗ್ಗೋದಕ್ಕೆ ಸ್ವಲ್ಪ ದಿನ ಹಿಡೀತು, ಅಷ್ಟೇ."

"ಹೌದು ಸಾರ್. ನನಗೂ ಅಷ್ಟೇ ದಿನ ಹಿಡೀತು."

ಮರುದಿನ ಬೆಳಿಗ್ಗೆ ಅವಳು ಮಗಳನ್ನು ಬಿಡಲು ಶಾಲೆಗೆ ಹೋದಾಗ ಗುಮಾಸ್ತೆಯ ಮೇಜಿನ ಮುಂದೆ ಒಬ್ಬ ತಂದೆ ನಿಂತಿದ್ದ. ಬಹಳ ಮುಂದಾಲೋಚನೆಯ ಮನುಷ್ಯ. ಕಿಟಕಿ ಇದ್ದ ಕಾಲದಲ್ಲೇ ಮಗನ ಜನನ ಪತ್ರ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸುಕ್ಕಾಗದಂತೆ ಇಟ್ಟುಕೊಂಡಿದ್ದ.

ಗುಮಾಸ್ತೆ ಅದನ್ನು ಮಗುಚಿ ಹಾಕಿ ನೋಡಿ ವಾಪಸ್ಸು ಕೊಟ್ಟರು. "ಇದು ಆಗಲ್ಲ. ಚಕ್ರ ಎಷ್ಟು ಅಂತಾನೇ ಇಲ್ಲವಲ್ಲ ಇದರಲ್ಲಿ."

ತಂದೆ ಪತ್ರವನ್ನು ತಾನೂ ಒಮ್ಮೆ ಓದಿಕೊಂಡ. ಇರಲಿಲ್ಲ. ನಾಲ್ಕು ವರ್ಷ ಇಟ್ಟುಕೊಂಡರೂ ಇಂಥ ಕೊರತೆ ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. "ಕ್ಷಮಿಸಿ ಮೇಡಂ, ನೋಡಿರಲಿಲ್ಲ," ಎಂದು ಪಕ್ಕದಲ್ಲಿದ್ದ ಕಂಪ್ಯೂಟರಮ್ಮನ ಕಡೆ ತಿರುಗಿದ. "ಈಗೇನು ಮಾಡಬೇಕಕ್ಕ?"

"ಈಗಲೇ ಫೋನಿನಲ್ಲಿ ಹಾಕಿ. ಹತ್ತು ಸೆಕೆಂಡಿಗೆ ತೆರೆಯುತ್ತೆ. ಚಕ್ರ ಮೂರು ಅಂತ ಬರೀರಿ, ಪ್ರಶ್ನೆ ಕೇಳಲ್ಲ."

"ಕುದುರೆ ಕಪ್ಪು ಸಿಗುತ್ತಾ? ಇವನಿಗೆ ಕಪ್ಪು ಇಷ್ಟ."

"ಕಪ್ಪು ಈ ವರ್ಷಕ್ಕೆ ಮುಗಿದಿದೆ. ಬೂದು ಬೇಗ ಆಗುತ್ತೆ."

ತಂದೆ ಬಗ್ಗಿ ಮಗನ ಮುಖ ನೋಡಿದ. ಮಗ ಸ್ವಲ್ಪ ಹೊತ್ತು ಯೋಚಿಸಿ, ಬೂದು ಆಗಬಹುದು ಎಂದ.